ಹೊಲದ ಕಡಿ ಹೋಗಿ ಬರ್ತೀನಿ

ಅರಕೇರಾದಲ್ಲಿ ಯಾರೂ ಸುಮ್ಮನೆ ಅಡ್ಡಾಡಲು ಹೋಗುವುದಿಲ್ಲ. ಅಂದರೆ, ಹೋಗುತ್ತಾರೆ, ಒಪ್ಪಿಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಈ ಮಾತೇ ಬೇಡ ಬಿಡ್ರಿ. 40 ಡಿಗ್ರಿ ದಾಟಿದ ಬಿಸಿಲಿಗೆ ಎಮ್ಮೆ ಕೂಡ ಬೇವಿನ ನೆರಳು ಬಿಟ್ಟು ಕದಲುವುದಿಲ್ಲ. ರಾಯಚೂರು ಸೀಮೆಗೆ ಇರುವುದೇ ಎರಡು ಕಾಲ, ಒಂದು ಬ್ಯಾಸಿಗಿ, ಇನ್ನೊಂದು ಬಿರುಬ್ಯಾಸಿಗಿ ಅಂತ ಹೊರಗಿನವರು ನಗುತ್ತಾರೆ. ನಗಲಿ. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುವ ಸೆಪ್ಟೆಂಬರ್ ಕೊನೆಗೆ ಅವರು ಇತ್ತ ತಲೆ ಹಾಕಿದ್ದರೆ ತಾನೆ!

ಆ ದಿನಗಳಲ್ಲಿ ಸಂಜೆ ನಾಲ್ಕಾಯಿತೆಂದರೆ ಊರ ಗಂಡಸರಿಗೆಲ್ಲ ಒಮ್ಮೆಲೇ ಕೆಲಸ ನೆನಪಾಗುತ್ತದೆ.

“ಎಲ್ಲಿಗಿ ಹೊಂಟಿ ಮಾವ?”

“ಹೊಲದ ಕಡಿ ಹೋಗಿ ಬರ್ತೀನೋ ಅಳಿಯಾ. ಹತ್ತಿಗಿ ಹುಳ ಬಿದ್ದಾವೇನೋ ನೋಡಬೇಕು.”

ಹುಳ ನೋಡುವವನ ಜೇಬಿನಲ್ಲಿ ಉಪ್ಪುಖಾರದ ಪೊಟ್ಟಣ ಯಾಕೆ ಅಂತ ಕೇಳಬಾರದು. ಹತ್ತಿ ಸಾಲಿನ ನಡುವೆ ಹಬ್ಬಿದ ಸೌತಿಬಳ್ಳಿಯ ಮೇಲೇ ಅವನ ಕಣ್ಣು. ಎರೆಮಣ್ಣು ಮೆತ್ತಿ ಭಾರವಾದ ಚಪ್ಪಲಿಯನ್ನು ಬದುವಿಗೆ ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಎಲೆ ಸರಿಸಿ, ಮುಳ್ಳುಮುಳ್ಳಾದ ಎಳೆಗಾಯಿ ಕಿತ್ತು ಧೋತರದ ಚುಂಗಿಗೆ ಒರೆಸುತ್ತಾನೆ. ಕಹಿ ನೋಡಲು ತುದಿ ಕಚ್ಚಿ ಉಗುಳುತ್ತಾನೆ. ಆಮೇಲೆ ಕಟಕ್ಕನೆ ಮುರಿದು ಉಪ್ಪುಖಾರ ಹಚ್ಚಿದನೆಂದರೆ, ಹತ್ತಿಗೆ ಹುಳವಲ್ಲ, ಆನೆ ನುಗ್ಗಿದರೂ ಅವನಿಗೆ ಖಬರಿರುವುದಿಲ್ಲ.

ಹೆಂಗಸರ ನೆಪ ಇನ್ನೂ ಗಟ್ಟಿ. ಪುಂಡಿಪಲ್ಯ ತರಲು ಒಬ್ಬಳು ಸಾಕು, ಹೋಗುವವರು ಐದು ಮಂದಿ. ತಿರುಗಿ ಬರುವಾಗ ಉಡಿಯಲ್ಲಿ ಪಲ್ಯ ಒಂದು ಹಿಡಿ, ಊರ ಸುದ್ದಿ ಒಂದು ಹೊರೆ. ಮಹಾನವಮಿ ಮುಗಿದು ಶೀಗಿ ಹುಣ್ಣಿಮೆ ಬಂದರಂತೂ ನೆಪ ಹುಡುಕುವ ತೊಂದರೆಯೂ ಇಲ್ಲ, ಅದು ದೇವರ ಕೆಲಸ! ಭೂಮಿತಾಯಿಗೆ ಚರಗ ಚೆಲ್ಲುವುದು ಚಿಟಿಕೆ ಹೊಡೆಯುವಷ್ಟರಲ್ಲಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮುಗಿಸಲು ಮಾತ್ರ ಹೊತ್ತು ಇಳಿಯಬೇಕು.

ಬೈಕಿನ ಹುಡುಗರಿಗೆ ಕೃಷ್ಣೆಯೇ ನೆಪ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರು ಅಂದರೆ ಸಾಕು, ಹೂವಿನಹೆಡಗಿ ಸೇತುವೆಯ ಕಡೆ ಸಾಲು ಹಿಡಿಯುತ್ತಾರೆ. ಹತ್ತನೇತ್ತ ಮೂರು ಸಲ ಕುಂತವನೂ ಅಲ್ಲಿ ಎಂಜಿನಿಯರೇ: “ಎರಡು ಲಕ್ಷ ಕ್ಯೂಸೆಕ್ ಐತಿ,” “ಏ ಹೋಗಲೇ, ಮೂರರ ಮ್ಯಾಲ ಐತಿ!” 2019ರ ಆಗಸ್ಟಿನಲ್ಲಿ ಈ ಸೇತುವೆಯೇ ಮುಳುಗಿತ್ತು. ದಂಡೆಯ ಹೊಲದವರಿಗೆ ಅದು ಮೋಜಲ್ಲ. ಅವರ ಮುಂದೆ ನಿಂತು ಸೆಲ್ಫಿ ಹೊಡೆಯುವವರಿಗೆ ನನ್ನ ಹತ್ತಿರ ಇರುವ ಬೈಗುಳ ಸಾಲುವುದಿಲ್ಲ. ಏನೇ ಅನ್ನಿ, ನೀರು ನೋಡುವುದು ಹತ್ತು ನಿಮಿಷ, ಆಮೇಲೆ ಮಂಡಾಳ ಒಗ್ಗರಣಿ, ಮಿರ್ಚಿ ಮುಂದೆ ಒಂದು ತಾಸು.

ಮೊನ್ನೆ ರಿಟೈರಾದ ಮಾಸ್ತರರೊಬ್ಬರು ಬಿಳಿ ಅಂಗಿ ತೊಟ್ಟು ಕಟ್ಟೆಯ ಮುಂದೆ ಹಾದರು.

“ಎಲ್ಲಿಗ್ರೀ ಸರ?”

“ಎಲ್ಲಿಗೂ ಇಲ್ಲಪ್ಪ. ತಂಪು ಗಾಳಿ ಬಿಟ್ಟೈತಿ, ಸುಮ್ಮನ ಅಡ್ಡಾಡಾಕ.”

ಕಟ್ಟೆಯಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ಮಾಸ್ತರರು ತಿರುವು ದಾಟಿದ್ದೇ ತಡ, ಬೀಗರ ಮನೆಯಲ್ಲಿ ಏನೋ ತಕರಾರು ಅಂತ ಒಬ್ಬ, ಊರು ತಾಲೂಕಾದ ಮೇಲೆ ರೇಟು ಏರೈತಿ, ಪ್ಲಾಟು ನೋಡಾಕ ಹೊಂಟಾರ ಅಂತ ಇನ್ನೊಬ್ಬ. ಮೂಲೆಯಲ್ಲಿದ್ದ ತಾತ ಎಲೆಅಡಿಕೆ ಉಗುಳಿ ಮಾತು ಮುಗಿಸಿದ:

“ಅಷ್ಟು ವರ್ಷ ಸಾಲಿ ಕಲಿಸಿದರೂ ಸರಗ ಒಂದು ಸುಳ್ಳು ನೆಟ್ಟಗ ಹೇಳಾಕ ಬರಲಿಲ್ಲ ನೋಡು.”