ಪಾದಾಂಗುಲ್ಯಂತರ ವಿಚಾರ: ಅಳದಂಗಡಿ ಸೀಮೆಯ ಕಾಲ್ಬೆರಳುಗಳ ಸಪ್ತಭಂಗೀ ವಿವೇಚನೆ

ಪೀಠಿಕೆ

ಮನುಷ್ಯನ ಒಂದು ಪಾದದಲ್ಲಿರುವ 26 ಮೂಳೆಗಳ ಪೈಕಿ 14 ಮೂಳೆಗಳು ಐದು ಬೆರಳುಗಳಿಗೇ ಸೇರಿದ್ದು, ಪ್ರಕೃತಿಯು ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೀಗೆ ಬೆರಳುಗಳಿಗೆ ಹಂಚಿಕೊಟ್ಟಿದ್ದರೂ, ವಿದ್ವಾಂಸರ ಗಮನವು ಹಿಮ್ಮಡಿಯಿಂದ ಮುಂದಕ್ಕೆ ಸರಿಯಲು ಹಿಂಜರಿಯುತ್ತಲೇ ಬಂದಿದೆ. ಬೆರಳುಗಳ ಗತಿಯೇ ಹೀಗಿರುವಾಗ ಅವುಗಳ ನಡುವಿನ ಸಂದಿಗಳ ಪಾಡನ್ನು ಹೇಳುವುದೇ ಬೇಡ. ಪಾದವೊಂದಕ್ಕೆ ನಾಲ್ಕರಂತೆ ಪ್ರತಿಯೊಬ್ಬ ಪ್ರಜೆಯೂ ಎಂಟು ಸಂದಿಗಳ ಒಡೆಯನಾಗಿದ್ದು, ಅವುಗಳಿಗೆ ಕಂದಾಯವಿಲ್ಲ, ಆರ್‌ಟಿಸಿಯಿಲ್ಲ, ಒತ್ತುವರಿಯಾದರೆ ತೆರವು ಮಾಡಿಸುವ ತಹಶೀಲ್ದಾರರೂ ಇಲ್ಲ. ಈ ತೆರವಿನ ಕೆಲಸವನ್ನು ತಾನು ಮಾಡಿಕೊಡುವುದಾಗಿ ಹೇಳಿಕೊಂಡು ಮಾರುಕಟ್ಟೆಗೆ ಬಂದಿರುವ ಉಪಕರಣವೇ ಪ್ರಸ್ತುತ ಪ್ರಬಂಧದ ವಸ್ತುವಾಗಿದೆ.

ಅಂಗಡಿಯಲ್ಲಿ ‘ಟೋ ಸ್ಪೇಸರ್’ ಎಂದು ಕರೆಯಲ್ಪಡುವ ಈ ವಸ್ತುವು ಸಿಲಿಕೋನಿನ ಒಂದು ಮೆತ್ತನೆಯ ತುಂಡಾಗಿದ್ದು, ಅದರ ಗೂಟಗಳು ಅಥವಾ ಉಂಗುರಗಳು ಬೆರಳುಗಳ ನಡುವೆ ಕುಳಿತು ಒಂದನ್ನು ಇನ್ನೊಂದರಿಂದ ದೂರ ಇಡುತ್ತವೆ. ಉಗುರಿಗೆ ಬಣ್ಣ ಹಚ್ಚುವ ಬ್ಯೂಟಿ ಪಾರ್ಲರುಗಳಲ್ಲಿ ಇದರ ಸ್ಪಂಜಿನ ಪೂರ್ವಜರು ಬಹಳ ಹಿಂದಿನಿಂದಲೂ ಸೇವೆಯಲ್ಲಿದ್ದಾರೆ. ಸುಲಭವಾಗಿ ಅರ್ಥವಾಗುವ ಹೆಸರು ಶಾಸ್ತ್ರಗ್ರಂಥಕ್ಕೆ ಶೋಭೆಯಲ್ಲವಾದ ಕಾರಣ ಇದನ್ನು ಇಲ್ಲಿ ‘ಪಾದಾಂಗುಲ್ಯಂತರಸ್ಥಾಪಕ’ ಎಂದು ನಾಮಕರಣ ಮಾಡಿ, ಓದುಗರ ಉಸಿರಾಟದ ದೃಷ್ಟಿಯಿಂದ ಮುಂದೆ ‘ಅಂತರಸ್ಥಾಪಕ’ವೆಂದು ಮೊಟಕುಗೊಳಿಸಲಾಗಿದೆ.

ಕ್ಷೇತ್ರ ಮತ್ತು ವಿಧಾನ

ಅಧ್ಯಯನಕ್ಷೇತ್ರವಾಗಿ ಬೆಳ್ತಂಗಡಿ ತಾಲೂಕಿನ ಅಳದಂಗಡಿಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಅಜಿಲ ಅರಸುಮನೆತನದ ಅರಮನೆಯಿರುವ ಈ ಊರಿನ ಆಸುಪಾಸಿನಲ್ಲಿ, ಅದೇ ಮನೆತನದ ತಿಮ್ಮಣ್ಣಾಜಿಲನು 1604ರಲ್ಲಿ ನಿಲ್ಲಿಸಿದ ವೇಣೂರಿನ ಬಾಹುಬಲಿಯೂ, ಬರಿಗಾಲಿನಲ್ಲಿ ಕೋಣಗಳ ಹಿಂದೆ ಓಡುವ ಕಂಬಳದ ಕರೆಗಳೂ, ಅಂದರೆ ಕೆಸರಿನ ಓಟದ ಕಣಗಳೂ, ಮಳೆಗಾಲದಲ್ಲಿ ನಾಲ್ಕು ತಿಂಗಳು ಒಣಗದ ಅಡಿಕೆ ತೋಟಗಳೂ ಇದ್ದು, ಕಾಲ್ಬೆರಳಿನ ಅಧ್ಯಯನಕ್ಕೆ ಇಷ್ಟು ಸಾಮಗ್ರಿಯನ್ನು ಒಂದೇ ಕಡೆ ಒದಗಿಸಬಲ್ಲ ಊರುಗಳು ವಿರಳ.

ವಿಧಾನದ ಮಟ್ಟಿಗೆ, ಜೈನಕಾಶಿಯೆನಿಸಿದ ಮೂಡುಬಿದಿರೆಯ ನೆರೆಯಲ್ಲಿ ಕುಳಿತು ಬೇರೆ ತರ್ಕವನ್ನು ಎರವಲು ತರುವುದು ಅನುಚಿತವಾದ್ದರಿಂದ, ಜೈನ ತರ್ಕಶಾಸ್ತ್ರದ ಸಪ್ತಭಂಗಿಯನ್ನೇ ಅನುಸರಿಸಲಾಗಿದೆ. ಯಾವುದೇ ವಸ್ತುವಿನ ಬಗ್ಗೆ ‘ಸ್ಯಾತ್’, ಅಂದರೆ ‘ಒಂದು ದೃಷ್ಟಿಯಿಂದ’, ಎಂಬ ವಿಶೇಷಣವನ್ನು ಸೇರಿಸಿ ಏಳು ಬಗೆಯಲ್ಲಿ, ಅಂದರೆ ಏಳು ‘ಭಂಗ’ಗಳಲ್ಲಿ, ಹೇಳಬಹುದೆಂಬುದು ಅದರ ಸಾರ. ದೇಹಕ್ಕೆ ಅವಯವಗಳು ಮೂಡುವುದಕ್ಕೆ ಕಾರಣವಾದ ಕರ್ಮವನ್ನು ಜೈನ ಕರ್ಮಸಿದ್ಧಾಂತವು ‘ಅಂಗೋಪಾಂಗ ನಾಮಕರ್ಮ’ವೆಂದು ಗುರುತಿಸಿದೆ; ಹಾಗೆ ಮೂಡಿದ ಬೆರಳುಗಳನ್ನು ಆಮೇಲೆ ಮೂತಿ ಚೂಪಾದ ಬೂಟಿನೊಳಕ್ಕೆ ತುರುಕುವ ಕರ್ಮ ಯಾವ ವರ್ಗಕ್ಕೆ ಸೇರಬೇಕೆಂಬುದು ಮಾತ್ರ ಜಿಜ್ಞಾಸುಗಳಿಗೆ ಉಳಿದಿರುವ ಕೆಲಸ.

ಪ್ರಥಮ ಭಂಗ: ಸ್ಯಾದಸ್ತಿ (ಒಂದು ದೃಷ್ಟಿಯಿಂದ ಉಪಯೋಗವಿದೆ)

ಹೆಬ್ಬೆರಳು ತನ್ನ ನೆರೆಯ ಬೆರಳಿನ ಕಡೆಗೆ ವಾಲಿ, ಬುಡದ ಕೀಲು ಹೊರಕ್ಕೆ ಗಂಟಿನಂತೆ ಉಬ್ಬುವ ವಿಕಾರವನ್ನು ವೈದ್ಯರು ‘ಹಾಲಕ್ಸ್ ವ್ಯಾಲ್ಗಸ್’ ಎನ್ನುತ್ತಾರೆ. ಈ ವಾಲಿಕೆಯ ಕೋನವು 15 ಡಿಗ್ರಿಯನ್ನು ಮೀರಿದರೆ ಅದನ್ನು ಸಹಜವಲ್ಲವೆಂದು ಪರಿಗಣಿಸುವುದು ರೂಢಿ. ಇಂಥ ಪಾದಗಳಲ್ಲಿ ಬೆರಳಿಗೆ ಬೆರಳು ಉಜ್ಜಿ ಆಣಿಯೇಳುವುದನ್ನೂ ನೋವನ್ನೂ ಅಂತರಸ್ಥಾಪಕವು ಕಡಿಮೆ ಮಾಡಬಲ್ಲದು. ಇರಾನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಬೆರಳು ಬೇರ್ಪಡಿಸುವ ಗೂಟವುಳ್ಳ ಪಾದದಟ್ಟೆಯನ್ನು ಧರಿಸಿದವರಿಗೆ ನೋವು ಇಳಿದುದು ಕಂಡುಬಂದಿದೆ.

ಈ ಭಂಗದ ಸಮರ್ಥನೆಗೆ ಅಂತರವಾದಿಗಳು ರಾಮಾಯಣವನ್ನೂ ಎಳೆದು ತರುತ್ತಾರೆ. ಮರದ ಪಾದುಕೆಯಲ್ಲಿ ಹೆಬ್ಬೆರಳಿಗೂ ಎರಡನೆಯ ಬೆರಳಿಗೂ ನಡುವೆ ಒಂದು ಗುಬುಟು ಇರುವುದು ಸರ್ವವಿದಿತವಾಗಿದ್ದು, ಶ್ರೀರಾಮನ ಪಾದುಕೆಗಳು ನಂದಿಗ್ರಾಮದಲ್ಲಿದ್ದುಕೊಂಡು 14 ವರ್ಷ ಕೋಸಲವನ್ನು ಆಳಿದ ಕಾರಣ, ರಾಜ್ಯಭಾರ ಮಾಡಿದ ಏಕೈಕ ವೈದ್ಯಕೀಯ ಉಪಕರಣವೆಂಬ ಹಿರಿಮೆ ಅಂತರಸ್ಥಾಪಕಕ್ಕೆ ಸಲ್ಲಬೇಕೆಂಬುದು ಅವರ ವಾದ. ಇದಕ್ಕೆ ಪ್ರತಿವಾದಿಗಳು, ಆ ಅವಧಿಯಲ್ಲಿ ಪಾದುಕೆಗಳೊಳಗೆ ಯಾರ ಪಾದವೂ ಇರಲಿಲ್ಲವಾಗಿ, ಉಪಕರಣದ ಪರಿಣಾಮವನ್ನು ಅಳೆಯುವುದಕ್ಕೆ ರೋಗಿಯೇ ಇರಲಿಲ್ಲವೆಂದು ಆಕ್ಷೇಪಿಸುತ್ತಾರೆ. ಗುಬುಟು ಒಂದೇ ಸಂದಿಗೆ ಸೀಮಿತವಾಗಿದ್ದು ಉಳಿದ ಮೂರು ಸಂದಿಗಳನ್ನು ಅದು ದೈವಾಧೀನಕ್ಕೆ ಬಿಟ್ಟಿರುವುದನ್ನೂ ಗಮನಿಸಬೇಕು. ಅಳದಂಗಡಿ ಪೇಟೆಯ ಬಹುತೇಕ ಕಾಲುಗಳಲ್ಲಿರುವ ಹವಾಯಿ ಚಪ್ಪಲಿಯು ಇದೇ ಸಂಪ್ರದಾಯವನ್ನು ರಬ್ಬರಿನಲ್ಲಿ ಮುಂದುವರಿಸಿಕೊಂಡು ಬಂದಿದೆ.

ದ್ವಿತೀಯ ಭಂಗ: ಸ್ಯಾನ್ನಾಸ್ತಿ (ಒಂದು ದೃಷ್ಟಿಯಿಂದ ಉಪಯೋಗವಿಲ್ಲ)

ಮೇಲೆ ಹೇಳಿದ ಅದೇ ಇರಾನೀ ಅಧ್ಯಯನದಲ್ಲಿ ನೋವು ಇಳಿಯಿತೇ ಹೊರತು ವಾಲಿದ ಬೆರಳಿನ ಕೋನ ಇಳಿಯಲಿಲ್ಲ. ಉಪಕರಣ ತೊಟ್ಟಿರುವಷ್ಟು ಹೊತ್ತು ಬೆರಳು ಶಿಸ್ತಾಗಿ ನಿಲ್ಲುವುದು, ತೆಗೆದ ಮೇಲೆ ತನ್ನ ಹಳೆಯ ಸಹವಾಸಕ್ಕೆ ಮರಳುವುದು ಬೆಳೆದ ಮೂಳೆಯ ಸ್ವಭಾವ. ಮೆತ್ತನೆಯ ಸಿಲಿಕೋನಿನಿಂದ ಮೂಳೆಯ ಮನಸ್ಸನ್ನು ಶಾಶ್ವತವಾಗಿ ಬದಲಿಸಬಹುದೆಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಇಂಥ ಪ್ರಯೋಗಗಳ ಅವಧಿ ಸಾಮಾನ್ಯವಾಗಿ ಕೆಲವೇ ತಿಂಗಳುಗಳದ್ದೆಂಬ ದೋಷವನ್ನು ನಿವಾರಿಸಲು ದೀರ್ಘಾವಧಿಯ ನಿದರ್ಶನಗಳತ್ತ ತಿರುಗಬೇಕಾಗುತ್ತದೆ. ವೇಣೂರಿನ ಬಾಹುಬಲಿಯು 1604ರಿಂದಲೂ, ಕಾರ್ಕಳದ ಮೂರ್ತಿಯು 1432ರಿಂದಲೂ ಯಾವುದೇ ಪಾದರಕ್ಷೆ ಮತ್ತು ಅಂತರಸ್ಥಾಪಕಗಳ ನೆರವಿಲ್ಲದೆ ಕಾಯೋತ್ಸರ್ಗ ಭಂಗಿಯಲ್ಲಿ, ಅಂದರೆ ದೇಹದ ಮೋಹವನ್ನು ತೊರೆದ ನಿಲುವಿನಲ್ಲಿ, ನಿಂತಿದ್ದು, ಇಷ್ಟರವರೆಗೆ ಕೋನದಲ್ಲಿ ವ್ಯತ್ಯಾಸವಾದ ವರದಿಯಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದ 9 ಅಡಿ ಉದ್ದವಿದ್ದು ಹೆಬ್ಬೆರಳೊಂದೇ 2 ಅಡಿ 9 ಅಂಗುಲವಿರುವುದರಿಂದ, ಅಲ್ಲಿಗೆ ಒಪ್ಪುವ ಅಳತೆಯ ಅಂತರಸ್ಥಾಪಕವನ್ನು ಯಾವ ಕಂಪನಿಯೂ ತಯಾರಿಸುವುದಿಲ್ಲ. ಈ ನಿದರ್ಶನದಲ್ಲಿ ಪಾದಗಳು ಕಲ್ಲಿನವೆಂಬ ಆಕ್ಷೇಪವನ್ನು ಎತ್ತುವವರಿಗೆ, 1958ರಲ್ಲಿ ಹಾಂಗ್‌ಕಾಂಗಿನಿಂದ ಬಂದ ಮಾಂಸದ ಪಾದಗಳ ಅಧ್ಯಯನವನ್ನು ತೋರಿಸಬಹುದು: ಬೂಟು ಹಾಕುವವರಲ್ಲಿ ಶೇ. 33 ಮಂದಿಗೆ ಹೆಬ್ಬೆರಳು ವಾಲಿತ್ತು, ಬರಿಗಾಲಿನವರಲ್ಲಿ ಶೇ. 1.9 ಮಂದಿಗೆ ಮಾತ್ರ. ಇದರಿಂದ, ಸಂದಿಯು ಹೊಸದಾಗಿ ಸ್ಥಾಪಿಸಬೇಕಾದ ವಸ್ತುವಲ್ಲ, ಮೊದಲೇ ಇದ್ದು ಕಳೆದುಹೋದದ್ದು ಎಂಬ ಗುಮಾನಿಗೆ ಬಲ ಬರುತ್ತದೆ.

ತೃತೀಯ ಭಂಗ: ಸ್ಯಾದಸ್ತಿ ನಾಸ್ತಿ (ಕ್ರಮವಾಗಿ ಇದೆ ಮತ್ತು ಇಲ್ಲ)

ಮನೆಯಲ್ಲಿ ಬರಿಗಾಲಿನಲ್ಲಿ ಕುಳಿತಾಗ ಹತ್ತು ಹದಿನೈದು ನಿಮಿಷದಿಂದ ಆರಂಭಿಸಿ ಧರಿಸಿದ ಅಂತರಸ್ಥಾಪಕವು ಬೆರಳುಗಳಿಗೆ ಹಿತವೆನಿಸಬಹುದು. ಅದನ್ನೇ ಬಿಗಿಯಾದ ಬೂಟಿನೊಳಗೆ ಧರಿಸಿದರೆ, ಒತ್ತುವರಿ ತೆರವಿಗೆಂದು ಬಂದ ಅಧಿಕಾರಿಯು ಅದೇ ಜಾಗದಲ್ಲಿ ತನ್ನದೂ ಒಂದು ಮನೆ ಕಟ್ಟಿಕೊಂಡಂತಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಲ್ಲಿ ಈ ಒತ್ತಡವು ಅರಿವಿಗೆ ಬಾರದೆಯೇ ಹುಣ್ಣಾಗುವ ಅಪಾಯವಿರುವುದರಿಂದ ಅಂಥವರು ವೈದ್ಯರನ್ನು ಕೇಳದೆ ಇದರ ಸಹವಾಸಕ್ಕೆ ಹೋಗಬಾರದೆಂಬುದು, ಈ ಪ್ರಬಂಧದಲ್ಲಿ ಅಣಕವಿಲ್ಲದೆ ಹೇಳಲಾದ ಮಾತು.

ಚತುರ್ಥ ಭಂಗ: ಸ್ಯಾದವಕ್ತವ್ಯ (ಹೇಳಲಾಗದು)

ಇದೆ, ಇಲ್ಲ ಎಂಬೆರಡನ್ನೂ ಏಕಕಾಲಕ್ಕೆ ಹೇಳಬೇಕಾಗಿ ಬಂದಾಗ ಮಾತು ಸೋಲುವ ಸ್ಥಿತಿಗೆ ‘ಅವಕ್ತವ್ಯ’ವೆಂದು ಹೆಸರು. ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವುದರಿಂದ, ತುಳುವರ ಮಳೆಗಾಲದ ಆಟಿ ತಿಂಗಳಿನ ಅಂತರಸ್ಥಾಪಕವು ಈ ಸ್ಥಿತಿಯ ಆದರ್ಶ ಉದಾಹರಣೆಯಾಗುತ್ತದೆ. ತೋಟದ ನೀರಿನಲ್ಲಿ ನಿಂತ ಕಾಲುಗಳ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು, ಶಿಲೀಂಧ್ರ ಸೇರಿ, ಕೆಸರುಹುಣ್ಣಾಗುವುದು ಮಳೆಗಾಲದ ನಿತ್ಯಸತ್ಯ. ಸಂದಿ ಅಗಲವಾಗಿ ಗಾಳಿಯಾಡಿದರೆ ಅದು ವಾಸಿಯಾಗಲು ಸಹಾಯವಾಗುತ್ತದೆ. ಆದರೆ ಗಾಳಿಗೆ ಜಾಗ ಮಾಡಲು ಹೋದ ಸಿಲಿಕೋನು ತಾನೇ ಚರ್ಮಕ್ಕೆ ಅಂಟಿ ಕುಳಿತು ತೇವವನ್ನು ಹಿಡಿದಿಡುತ್ತದೆ. ಒಣಬಟ್ಟೆಯಿಂದ ಸಂದಿಗಳನ್ನು ಒರೆಸುವ ಅಜ್ಜಿಯರ ಕ್ರಮವು ಎರಡೂ ಪಕ್ಷಗಳನ್ನು ಖಂಡಿಸಿ ನಿಲ್ಲುತ್ತದೆಯಾದರೂ, ಅದಕ್ಕೆ ಪ್ಯಾಕೆಟ್ ಇಲ್ಲದಿರುವುದರಿಂದ ವಿದ್ವನ್ಮನ್ನಣೆ ದೊರೆತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವ ಕೃಷಿಕರು ಅದೇ ದ್ರಾವಣವನ್ನು ಬೆರಳಿಗೂ ವಿಸ್ತರಿಸಬಾರದು. ಅದರಲ್ಲಿರುವ ಮೈಲುತುತ್ತಿಗೂ ಚರ್ಮಕ್ಕೂ ಸ್ನೇಹವಿಲ್ಲ.

ಪಂಚಮ ಭಂಗ: ಸ್ಯಾದಸ್ತಿ ಅವಕ್ತವ್ಯ (ಇದೆ, ಆದರೆ ಹೇಳಲಾಗದು)

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದುದು ದೇಶದಾದ್ಯಂತ ಸುದ್ದಿಯಾಗಿ, ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಇದನ್ನು ನೂರು ಮೀಟರಿಗೆ ಇಳಿಸಿ, 2009ರಲ್ಲಿ ಬರ್ಲಿನ್ನಿನಲ್ಲಿ ಮುಳ್ಳಿನ ಬೂಟು ತೊಟ್ಟ ಉಸೇನ್ ಬೋಲ್ಟರ 9.58 ಸೆಕೆಂಡಿನೊಂದಿಗೆ ತೂಗಿ ನೋಡಿದ ದೇಶವು ಓಟಗಾರರ ತೊಡೆಯನ್ನೂ ಎದೆಯನ್ನೂ ಹೊಗಳಿತಾದರೂ, ಕೆಸರನ್ನು ಹಿಡಿದು ತಳ್ಳಿದ ಬಿಡಿಬಿಡಿ ಬೆರಳುಗಳ ವಿಷಯದಲ್ಲಿ ಮೌನ ವಹಿಸಿತು.

ಓಟಗಾರರನ್ನು ಮುಂದಕ್ಕೆಳೆದದ್ದು ಕೋಣಗಳೆಂದೂ, ಆದ್ದರಿಂದ ಈ ಹೋಲಿಕೆಯೇ ಸಲ್ಲದೆಂದೂ ಹೇಳುವವರಿದ್ದಾರೆ. ಹಾಗೆ ಹೇಳಿದರೆ ಅಂತರವಾದಕ್ಕೆ ಇನ್ನಷ್ಟು ಬಲ ಬರುವುದೇ ಹೊರತು ಕುಂದು ಬಾರದು. ಏಕೆಂದರೆ ಕೋಣದ್ದು ಸೀಳುಗೊರಸು, ಅರ್ಥಾತ್ ಹುಟ್ಟಿನಿಂದಲೇ ನಡುವೆ ಅಂತರವಿರುವ ಗೊರಸು, ಮತ್ತು ಒಂದು ಜೋಡಿ ಕೋಣಗಳಿಗೆ ಅಂಥ ಎಂಟು ಅಂತರಗಳಿದ್ದು ಇದು ಒಬ್ಬ ಮನುಷ್ಯನ ಸಂದಿಗಳ ಸಂಖ್ಯೆಗೆ ಸರಿಯಾಗಿ ಹೊಂದುತ್ತದೆ. ಈ ಹೊಂದಾಣಿಕೆಯಿಂದ ಏನು ಸಿದ್ಧವಾಗುತ್ತದೆಂಬುದು ಹೇಳಲಾಗದ ವಿಷಯವಾದ್ದರಿಂದಲೇ ಅದನ್ನು ಈ ಭಂಗದಲ್ಲಿ ಇಡಲಾಗಿದೆ. ಕುದುರೆಗೆ ಸೀಳಿಲ್ಲದ ಒಂಟಿ ಗೊರಸಿದ್ದರೂ ಅದು ಕೋಣಕ್ಕಿಂತ ವೇಗವಾಗಿ ಓಡುವುದೇಕೆ ಎಂಬ ಪ್ರಶ್ನೆಗೆ, ಕುದುರೆಯನ್ನು ಕಂಬಳದ ಕೆಸರಿಗೆ ಇಳಿಸಿ ಆಮೇಲೆ ಕೇಳಬೇಕೆಂದು ಕರೆಯ ಬದಿಯ ಪಂಡಿತರ ಉತ್ತರ.

ಷಷ್ಠ ಭಂಗ: ಸ್ಯಾನ್ನಾಸ್ತಿ ಅವಕ್ತವ್ಯ (ಇಲ್ಲ, ಹೇಳಲೂ ಆಗದು)

ವಿವಾಹಿತೆಯರು ಎರಡನೆಯ ಬೆರಳಿಗೆ ತೊಡುವ ಬೆಳ್ಳಿಯ ಕಾಲುಂಗುರವು ಅಂತರಸ್ಥಾಪಕದ ದೇಶೀಯ ರೂಪವೆಂದೂ, ಆ ಬೆರಳಿನಿಂದ ಗರ್ಭಕೋಶಕ್ಕೆ ನೇರವಾಗಿ ಹೋಗುವ ನರವೊಂದನ್ನು ಅದು ಒತ್ತುತ್ತದೆಂದೂ ವಾಟ್ಸಾಪ್ ಪುರಾಣವು ಪ್ರತಿಪಾದಿಸುತ್ತದೆ. ಅಂಗರಚನಾಶಾಸ್ತ್ರದಲ್ಲಿ ಅಂಥ ನರವಿಲ್ಲ. ಉಂಗುರದ ದಪ್ಪವು ಬೆರಳನ್ನು ಸರಿಸುವಷ್ಟು ಇರುವುದೂ ಇಲ್ಲ. ಆದರೆ ಈ ಮಾತನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಿರಿಯತ್ತೆಯವರ ಸಂದೇಶದ ಕೆಳಗೆ ಬರೆಯುವುದು ಯಾವ ಸೊಸೆಗೂ ಸಾಧ್ಯವಿಲ್ಲದಿರುವುದರಿಂದ, ಇಲ್ಲದಿರುವಿಕೆಯೂ ಹೇಳಲಾಗದಿರುವಿಕೆಯೂ ಇಲ್ಲಿ ಪೂರ್ಣವಾಗಿ ಕೂಡಿಬಂದಿವೆ.

ಸಪ್ತಮ ಭಂಗ ಮತ್ತು ಸಿದ್ಧಾಂತ: ಸ್ಯಾದಸ್ತಿ ನಾಸ್ತಿ ಅವಕ್ತವ್ಯ (ಇದೆ, ಇಲ್ಲ, ಹೇಳಲಾಗದು)

ಮೇಲಿನ ಎಲ್ಲ ದೃಷ್ಟಿಗಳನ್ನು ಒಗ್ಗೂಡಿಸುವ ಈ ಭಂಗಕ್ಕೆ ಬೇಕಾದ ಸಾಮಗ್ರಿ ಜಿಲ್ಲೆಯ ಆಸುಪಾಸಿನಲ್ಲೇ ಸಿಗುತ್ತದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ, ಲೋಕವೆಲ್ಲ ಉಲ್ಲೇಖಿಸುವ ಅಧ್ಯಯನದಲ್ಲಿ, ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ. 8.6ರಷ್ಟು, ಧರಿಸದವರಲ್ಲಿ ಶೇ. 2.8ರಷ್ಟು ಚಪ್ಪಟೆ ಪಾದ, ಅಂದರೆ ಅಂಗಾಲಿನ ಕಮಾನು ಇಲ್ಲದ ಪಾದ, ಕಂಡುಬಂದಿತು. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅದು ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. ಇದು ಕಮಾನಿನ ಮಾತೇ ಹೊರತು ಸಂದಿಯ ಮಾತಲ್ಲವಾದರೂ, ಹಾಂಗ್‌ಕಾಂಗಿನ ಬೆರಳುಗಳನ್ನೂ ಕರಾವಳಿಯ ಅಂಗಾಲುಗಳನ್ನೂ ಒಟ್ಟಿಗೆ ವಿಚಾರಿಸಿದಾಗ ಸಂಶಯದ ಬೆರಳು ಒಂದೇ ಕಡೆಗೆ, ಬೂಟಿನ ಮೂತಿಯ ಕಡೆಗೆ, ತಿರುಗುತ್ತದೆ.

ಬರಿಗಾಲಿನ ಪರವಾಗಿ ಘನವಾದ ಸಾಕ್ಷ್ಯಗಳೂ ಇವೆ. ಹರೇಕಳದ ಹಾಜಬ್ಬನವರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ನೆಲಹಾಸಿನ ಮೇಲೆ ಬರಿಗಾಲಿನಲ್ಲೇ ನಡೆದುಹೋಗಿ ಪದ್ಮಶ್ರೀ ಪಡೆದುದನ್ನು ನೋಡಿದವರಿಗೆ ಬೂಟಿನ ಅನಿವಾರ್ಯತೆಯ ವಾದ ಒಪ್ಪಿಗೆಯಾಗುವುದು ಕಷ್ಟ. ಆದರೆ ಮುಳ್ಳು, ಕೊಕ್ಕೆಹುಳು, ಹಾವುಗಳಿರುವ ತೋಟಕ್ಕೆ ಬರಿಗಾಲನ್ನು ಶಿಫಾರಸು ಮಾಡುವುದು ಶಾಸ್ತ್ರಕ್ಕೂ ಸುರಕ್ಷೆಗೂ ಸಲ್ಲದು.

ಆದ್ದರಿಂದ ಸಿದ್ಧಾಂತವೆಂದರೆ ಇಷ್ಟು: ಅಂತರಸ್ಥಾಪಕವು ನೋವಿಗೆ ಉಪಶಮನ, ಕೋನಕ್ಕೆ ಔಷಧವಲ್ಲ, ಬೂಟು ಕಿತ್ತುಕೊಂಡ ಜಾಗವನ್ನು ಅದು ಕಂತುಗಳಲ್ಲಿ ಹಿಂದಿರುಗಿಸಲು ಯತ್ನಿಸುತ್ತದೆಯಾದ್ದರಿಂದ, ಜಾಗವನ್ನು ಕಿತ್ತುಕೊಳ್ಳದಿರುವುದೇ ಅಗ್ಗದ ದಾರಿ. ಪಾದವು ಸಂಜೆಗೆ ತುಸು ಊದುವುದರಿಂದ ಸಂಜೆಯಲ್ಲೇ ಅಳತೆ ಕೊಡಬೇಕು. ಅತ್ಯಂತ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಗಲದ ಜಾಗ ಉಳಿಯಬೇಕು. ಮೂತಿಯು ಬೆರಳುಗಳ ಆಕಾರದಲ್ಲಿರಬೇಕೇ ಹೊರತು ಅಂಗಡಿಯವನ ಆಸೆಯ ಆಕಾರದಲ್ಲಿ ಅಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ‘ಶೂ ಭಾಗ್ಯ’ದ ಬೂಟುಗಳನ್ನು ಕೊಳ್ಳುವ ಹೊಣೆ ಊರಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯದ್ದಾಗಿದ್ದು, ಸ್ಥಳೀಯ ಹವಾಮಾನ ನೋಡಿ ಬೂಟಿನ ಬದಲು ಚಪ್ಪಲಿ ಕೊಳ್ಳುವುದಕ್ಕೂ ಅವಕಾಶವಿರುವುದರಿಂದ, ಪಾದಾಂಗುಲ್ಯಂತರ ಶಾಸ್ತ್ರದ ಪರಮಾಧಿಕಾರವು ತಜ್ಞರಲ್ಲಿಲ್ಲ, ಜೂನ್ ತಿಂಗಳ ಮಳೆಯಲ್ಲಿ ಸಭೆ ಸೇರುವ ಆ ಸಮಿತಿಯ ಸದಸ್ಯರಲ್ಲಿದೆ ಎಂದು ತೀರ್ಮಾನಿಸಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಅಂತರಸ್ಥಾಪಕ ಬೇಕೆನಿಸಿದವರು ಕೊಳ್ಳಬಹುದು. ಕೊಳ್ಳುವವರ ಮಟ್ಟಿಗೆ ಅದರ ಉಪಯೋಗ ‘ಸ್ಯಾತ್’ ಎಂಬ ವಿಶೇಷಣಕ್ಕೆ ಒಳಪಟ್ಟಿದ್ದರೂ, ಮಾರುವವರ ಮಟ್ಟಿಗೆ ಅದು ಯಾವ ವಿಶೇಷಣವೂ ಇಲ್ಲದೆ ಸಿದ್ಧವಾಗಿದೆ.