ಜರ್ಮನ್ ಅಡ್ಡಹೆಸರಿನ ಸೂತ್ರಗಳು, ಸವ್ಯಾಖ್ಯಾನ

ಸೂತ್ರ 1: ಊರು ಬಿಟ್ಟವನಿಗೇ ಊರಿನ ಹೆಸರು.

ವ್ಯಾಖ್ಯಾನ: ನ್ಯೂರೆಂಬರ್ಗ್‌ನಲ್ಲಿ ಇರುವವರೆಲ್ಲ ನ್ಯೂರೆಂಬರ್ಗಿನವರೇ. ಆದ್ದರಿಂದ ಅಲ್ಲಿ ಯಾರನ್ನಾದರೂ ‘ನ್ಯೂರೆಂಬರ್ಗರ್’ ಎಂದು ಕೂಗಿದರೆ ಇಡೀ ಊರೇ ತಿರುಗಿ ನೋಡೀತು. ಹೆಸರು ಬೇಕೆಂದವನು ಕಲೋನ್‌ಗೆ ಗುಳೆ ಹೋಗಬೇಕು. ಅಲ್ಲಿ ಒಂದೇ ಓಣಿಯಲ್ಲಿ ಮೂವರು ಹಾನ್ಸ್‌ಗಳಿರಬೇಕು. ಕಂದಾಯದವನು ಒಬ್ಬನ ಬಾಕಿಯನ್ನು ಇನ್ನೊಬ್ಬನ ತಲೆಗೆ ಕಟ್ಟಿ ಜಗಳವಾಗಬೇಕು. ಆಗ ಊರ ಹೆಸರಿಗೆ ‘ಅರ್’ ಎಂಬ ಬಾಲ ಅಂಟಿ ಅಡ್ಡಹೆಸರು ಹುಟ್ಟುತ್ತದೆ. ಮಧ್ಯಯುಗದ ಪಟ್ಟಣಗಳಲ್ಲಿ ಜನ ತುಂಬಿದಂತೆಲ್ಲ ಈ ಬಾಲಗಳೂ ಬೆಳೆದವು.

ದೃಷ್ಟಾಂತ: ಗ್ರಾಮಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ್ದು ಹ್ಯಾನೋವರ್‌ನಲ್ಲಿ. ಅಮೆರಿಕದ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ 1882ರಲ್ಲಿ ಹುಟ್ಟಿದ್ದು ವಿಯೆನ್ನಾದಲ್ಲಿ. ವಿಯೆನ್ನಾದವನೆಂದು ಹೆಸರೇ ಸಾರುವ ಗಣಿತಜ್ಞ ನಾರ್ಬರ್ಟ್ ವೀನರ್ ಮಿಸೌರಿಯ ಕೂಸು. ಅಣುಬಾಂಬಿನ ಆಪೆನ್‌ಹೈಮರ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ; ಆಪೆನ್‌ಹೈಮ್ ಇರುವುದು ರೈನ್ ನದಿಯ ದಡದಲ್ಲಿ.

ಆಕ್ಷೇಪ: ಪೂರ್ವಜ ಬಿಟ್ಟ ಊರಿಗೆ ಮರಿಮಗ ಹೊಣೆಯೇ?

ಸಮಾಧಾನ: ಹೌದು. ಆಸ್ತಿ ಸಿಗಲಿ ಬಿಡಲಿ, ಅಡ್ಡಹೆಸರು ಮಾತ್ರ ಪಾಲಿಗೆ ಬಂದೇ ಬರುತ್ತದೆ. 1813ರಲ್ಲಿ ಬವೇರಿಯಾ ಸರ್ಕಾರ ಯಹೂದಿಗಳಿಗೆ ಕಾಯಂ ಅಡ್ಡಹೆಸರು ಕಡ್ಡಾಯ ಮಾಡಿತು. 1817ರಲ್ಲಿ ಮೇಯರ್ ಲೇಬ್ ಎಂಬಾತ ಕಿಸ್ಸಿಂಗನ್ ಊರನ್ನು ನೆಚ್ಚಿ ‘ಕಿಸ್ಸಿಂಗರ್’ ಆದ. ಆ ಹೆಸರು ಹೊತ್ತ ಅವನ ಕುಡಿ ಹೆನ್ರಿ 1923ರಲ್ಲಿ ಹುಟ್ಟಿದ್ದು ಫ್ಯೂರ್ತ್‌ನಲ್ಲಿ, ಮೆರೆದದ್ದು ವಾಷಿಂಗ್‌ಟನ್‌ನಲ್ಲಿ.

ಸೂತ್ರ 2: ಪ್ರಜೆಗೆ ಬಾಲ, ಪ್ರಭುವಿಗೆ ಕೊಂಬು.

ವ್ಯಾಖ್ಯಾನ: ಜಹಗೀರು ಉಳ್ಳವನು ಊರು ಬಿಡಬೇಕಾಗಿಲ್ಲ. ಊರ ಹೆಸರಿನ ಮುಂದೆ ‘ಫಾನ್’ ಎಂಬ ಕೊಂಬು ಮೂಡಿದರೆ ಸಾಕು, ಊರೇ ಅವನದು. ಬರಬರುತ್ತ ಊರಿಲ್ಲದವರಿಗೂ ಕೊಂಬು ಬರತೊಡಗಿತು. ಕವಿ ಗಯಟೆಗೆ 1782ರಲ್ಲಿ ಬಂತು. ‘ಗಯಟೆ’ ಎಂಬುದು ಯಾವ ಜಹಗೀರಿನ ಹೆಸರೂ ಅಲ್ಲ, ಅವರಪ್ಪನ ಹೆಸರು.

ಸೂತ್ರ 3: ತಿಂಡಿಗೂ ಇದೇ ನ್ಯಾಯ.

ವ್ಯಾಖ್ಯಾನ: ಜೋಡಿಜೋಡಿಯಾಗಿ ಬಿಸಿನೀರಿನಲ್ಲಿ ಕಾಯಿಸಿ, ಸಾಸಿವೆ ಗೊಜ್ಜಿನ ಜೊತೆ ಬಡಿಸುವ ತೆಳ್ಳನೆಯ ಸಾಸೇಜಿಗೆ ಜರ್ಮನಿಯಲ್ಲಿ ‘ವೀನರ್’, ವಿಯೆನ್ನಾದಲ್ಲಿ ‘ಫ್ರಾಂಕ್‌ಫರ್ಟರ್’. ಎರಡೂ ಊರು ‘ನಮ್ಮದಲ್ಲ’ ಎಂದು ಒಂದರ ಮೇಲೊಂದು ಹಾಕಿ ಆರಾಮಾಗಿ ತಿನ್ನುತ್ತಿವೆ. ಕರಿದು ಜಾಮ್ ತುಂಬಿದ ಬನ್ನು ಜರ್ಮನಿಯ ಬಹುಭಾಗದಲ್ಲಿ ‘ಬರ್ಲಿನರ್’. ಖುದ್ದು ಬರ್ಲಿನ್‌ನಲ್ಲಿ ಅದಕ್ಕೆ ‘ಫನ್‌ಕೂಖನ್’ ಎನ್ನುತ್ತಾರೆ.

ಫಲಶ್ರುತಿ: ಈ ಸೂತ್ರಗಳನ್ನು ಅರಿತವರು ಜರ್ಮನ್ ಹೆಸರಿನವರನ್ನು ‘ಯಾವೂರಾಯ್ತು ನಿಮ್ದು?’ ಎಂದು ಕೇಳುವ ಮೊದಲೇ ಒಂದು ಊರನ್ನು ಪಟ್ಟಿಯಿಂದ ಹೊಡೆದುಹಾಕಬಲ್ಲರು. ಉಳಿದ ಊರುಗಳಲ್ಲಿ ಹುಡುಕಿಕೊಳ್ಳುವುದು ಅವರವರ ಪುಣ್ಯ.