ಫಾಲ್ಟ್ ಇಲ್ಲ ಸಾರ್, ಬಿಲ್ ಇದೆ

ಚೆನ್ನೈಗೆ ಏಷ್ಯಾದ ಡೆಟ್ರಾಯಿಟ್ ಎಂಬ ಬಿರುದಿದೆ. ಇರುಂಗಾಟ್ಟುಕೋಟ್ಟೈಯಲ್ಲಿ ಹ್ಯುಂಡೈ, ಒರಗಡದಲ್ಲಿ ರೆನೋ, ಮಹೀಂದ್ರಾ ಸಿಟಿಯಲ್ಲಿ ಬಿಎಂಡಬ್ಲ್ಯು. ಮರೈಮಲೈ ನಗರದಲ್ಲಿ ಫೋರ್ಡ್ ಕೂಡ ಇತ್ತು. 2021ರಲ್ಲಿ ಇನ್ನು ನಮ್ಮಿಂದಾಗದು ಎಂದು ಕೈಮುಗಿಯಿತು. ಕಾರು ಹೆರುವುದರಲ್ಲಿ ಈ ಊರು ಬಲು ಜೋರು. ಹೆತ್ತ ಕಾರಿಗೆ ಏನಾಗಿದೆ ಎಂದು ಹೇಳಬಲ್ಲವರು ಬೇಕೆ? ಇದೇ ಊರಿನ ಅಡ್ಯಾರ್ ಬಡಾವಣೆಯಲ್ಲಿ ಹುಡುಕಿ ನೋಡಿ. ಸಿಕ್ಕರೆ ನನಗೂ ತಿಳಿಸಿ.

ನನ್ನ ಕಾರಿನ ಕಾಯಿಲೆ ಸರಳ. ಕಾರು ಬೆಳಗ್ಗೆಯೆಲ್ಲ ಚೆನ್ನಾಗಿ ಓಡುತ್ತದೆ. ಸಂಜೆ ಏಸಿ ಹಾಕಿಕೊಂಡು, ಎಲ್.ಬಿ. ರಸ್ತೆಯ ಮೆಟ್ರೋ ಅಗೆತದ ನಡುವೆ ತೆವಳಿ, ತಿರು.ವಿ.ಕ. ಸೇತುವೆ ಹತ್ತುವ ಹೊತ್ತಿಗೆ ಪಿಕಪ್ ಸತ್ತುಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಉತ್ತರ ಕೊಡುವುದಿಲ್ಲ. ಹಿಂದಿನ ಆಟೋದವರು ಕೊಡುತ್ತಾರೆ. ಆಫ್ ಮಾಡಿ, ಸ್ವಲ್ಪ ಕಾದು, ಆನ್ ಮಾಡಿದರೆ ಏನೂ ನಡೆದೇ ಇಲ್ಲ ಎಂಬಂತೆ ಹೊರಡುತ್ತದೆ.

ಸರ್ವಿಸ್ ಸೆಂಟರಿಗೆ ಒಯ್ಯಿರಿ. ಇಸ್ತ್ರಿ ಮಾಡಿದ ಅಂಗಿಯ ಅಡ್ವೈಸರ್ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರಿನ ತಂತಿ ಸಿಕ್ಕಿಸುತ್ತಾನೆ. ಟ್ಯಾಬ್ ನೋಡುತ್ತಾನೆ. ತೀರ್ಪು ಬರುತ್ತದೆ: ‘ಒಣ್ಣುಮೇ ಇಲ್ಲೆ ಸಾರ್.’ ಏನೂ ಇಲ್ಲವಂತೆ. ಇನ್‌ಸ್ಪೆಕ್ಟರ್ ಬಂದ ದಿನ ಶಾಲೆಯ ತುಂಟ ಹುಡುಗನೂ ಕೈಕಟ್ಟಿ ಕೂರುತ್ತಾನೆ. ಅಷ್ಟಕ್ಕೇ ಅವನಿಗೆ ಸನ್ನಡತೆಯ ಸರ್ಟಿಫಿಕೇಟ್ ಬರೆದುಕೊಡುವ ಇನ್‌ಸ್ಪೆಕ್ಟರ್ ಇವನು.

ಇದೇ ಅಡ್ಯಾರಿನಲ್ಲಿ 1882ರಿಂದ ಥಿಯಸಾಫಿಕಲ್ ಸೊಸೈಟಿಯ ಕೇಂದ್ರವಿದೆ. ಸತ್ಯಕ್ಕಿಂತ ದೊಡ್ಡ ಧರ್ಮವಿಲ್ಲ ಎಂಬುದು ಅವರ ಧ್ಯೇಯವಾಕ್ಯ. ಸರ್ವಿಸ್ ಸೆಂಟರಿನ ಧರ್ಮ ಇನ್ನೂ ಚಿಕ್ಕದು. ಸ್ಕ್ಯಾನರಿನಲ್ಲಿ ಬಾರದ್ದು ಜಗತ್ತಿನಲ್ಲೇ ಇಲ್ಲ.

ಆಮೇಲೆ ಟೆಸ್ಟ್ ಡ್ರೈವ್. ಸಂಜೆ ಬರುವ ಕಾಯಿಲೆಗೆ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ಏಸಿ ಆಫ್. ಕಾರಿನಲ್ಲಿ ಒಬ್ಬನೇ. ಗಾಂಧಿನಗರದ ಮರಗಳ ನೆರಳಿನಲ್ಲಿ ಒಂದು ಸುತ್ತು. ಅಡ್ಯಾರಿನಲ್ಲಿ ಏರು ಅಂದರೆ ಸೇತುವೆ, ಇಲ್ಲವೇ ಫ್ಲೈಓವರ್. ಇವನು ಎರಡನ್ನೂ ಹತ್ತುವುದಿಲ್ಲ. ಇಂಜಿನ್ ಬಿಸಿಯಾಗುವ ಮೊದಲೇ ವಾಪಸ್. ‘ಸೂಪರಾ ಪೋಗುದು ಸಾರ್.’ ಹೋಗದೆ ಏನು? ನನ್ನ ಕಾರು ಬೆಳಗ್ಗೆ ಹತ್ತಕ್ಕೆ ಸೂಪರ್ರೇ. ಅದನ್ನು ತಿಳಿಯಲು ನಿಮ್ಮ ಬಳಿ ಬರಬೇಕಿರಲಿಲ್ಲ.

ಸ್ಕ್ಯಾನರಿನ ತಪ್ಪಿಲ್ಲ ಬಿಡಿ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಕೇಳುವವರೇ ಇಲ್ಲ. ಎಷ್ಟೋ ದೋಷಗಳಿಗೆ ಮೊದಲ ಸಲವೇ ಎಚ್ಚರಿಕೆಯ ದೀಪ ಹತ್ತುವುದಿಲ್ಲ. ಎರಡನೇ ಸವಾರಿಯಲ್ಲೂ ಮರುಕಳಿಸಿದರೆ ಮಾತ್ರ ಹತ್ತುತ್ತದೆ. ಅಲ್ಲಿಯವರೆಗೆ ಅದು ಪೆಂಡಿಂಗ್ ಪಟ್ಟಿಯಲ್ಲಿ ಕೂತಿರುತ್ತದೆ. ಆ ಪಟ್ಟಿಗೆ ಬೇರೆಯೇ ಮೆನು. ಅದನ್ನು ಒತ್ತುವಷ್ಟು ಬಿಡುವು ಯಾರಿಗಿದೆ?

ಸ್ಕ್ಯಾನರಿನಲ್ಲಿ ದೋಷದ ಕೋಡ್ ಬಂದರೂ ಕಷ್ಟವೇ. ಪಿ0171 ಬಂತು ಅನ್ನಿ. ಅರ್ಥ ಇಷ್ಟೇ: ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಗಾಳಿಯ ಪೈಪು ಬಿರುಕು ಬಿಟ್ಟಿರಬಹುದು. ಏರ್‌ಫ್ಲೋ ಸೆನ್ಸರ್ ಕೊಳೆಯಾಗಿರಬಹುದು. ಫ್ಯೂಯೆಲ್ ಪಂಪ್ ಸೋತಿರಬಹುದು. ಇವರು ಆಕ್ಸಿಜನ್ ಸೆನ್ಸರ್ ಬದಲಿಸುತ್ತಾರೆ. ಗಾಳಿ ಹೆಚ್ಚಾಗಿದೆ ಎಂದು ವರದಿ ಕೊಟ್ಟ ಪಾಪದ ಪ್ರಾಣಿ ಅದು. ದೂರು ಕೊಟ್ಟವನನ್ನೇ ಒಳಗೆ ಹಾಕುವ ನಮ್ಮ ಪೊಲೀಸ್ ಠಾಣೆಯ ಪದ್ಧತಿ ಬಾನೆಟ್ಟಿನ ಕೆಳಗೂ ಜಾರಿಯಲ್ಲಿದೆ.

ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ವೇಗ ಎಷ್ಟು, ಆರ್‌ಪಿಎಂ ಎಷ್ಟು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರ್ ಬರೆದಿಡುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಇರುವ ಒಂದೇ ಸಾಕ್ಷಿ ಅದು. ನಮ್ಮವರು ಮಾಡುವ ಮೊದಲ ಕೆಲಸ ಯಾವುದು? ರೀಸೆಟ್. ಕೋಡ್ ಅಳಿಸಿ, ಸಾಕ್ಷ್ಯ ನಾಶಮಾಡಿ, ಆಮೇಲೆ ತನಿಖೆ. ರಸ್ತೆಬದಿಯ ಮೆಕ್ಯಾನಿಕ್ಕಿಗೆ ಸ್ಕ್ಯಾನರ್ ಇಲ್ಲ. ಅವನು ಬ್ಯಾಟರಿಯ ತಂತಿ ಕಿತ್ತು ಹಾಕಿ ಅದೇ ಪುಣ್ಯ ಕಟ್ಟಿಕೊಳ್ಳುತ್ತಾನೆ.

ತನಿಖೆ ಅಂದರೆ ಪಾರ್ಟ್ಸ್ ಬದಲಾವಣೆ. ಮೊದಲು ಥ್ರಾಟಲ್ ಬಾಡಿ ಕ್ಲೀನಿಂಗ್. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್. ಆಮೇಲೆ ಸ್ಪಾರ್ಕ್ ಪ್ಲಗ್, ಕಾಯಿಲ್, ಸೆನ್ಸರ್. ಪ್ರತಿ ಸಲವೂ ‘ಪಾತ್ತುಕ್ಕಲಾಂ ಸಾರ್’, ಓಡಿಸಿ ನೋಡೋಣ. ಓಡಿಸುವವನು ನಾನು. ನೋಡುವವನೂ ನಾನು. ದುಡ್ಡು ಕೊಡುವವನಂತೂ ನಾನೇ. ಬಿಲ್ಲಿನಲ್ಲಿ ಬಿಡಿಭಾಗಕ್ಕೆ ಒಂದು ಸಾಲು, ಲೇಬರಿಗೆ ಒಂದು ಸಾಲು, ಕನ್ಸ್ಯೂಮಬಲ್ಸ್ ಎಂಬ ನಿಗೂಢಕ್ಕೆ ಒಂದು ಸಾಲು, ಜಿಎಸ್‌ಟಿಗೆ ಒಂದು ಸಾಲು. ಯೋಚಿಸಿದ್ದಕ್ಕೆ ಸಾಲೇ ಇಲ್ಲ. ಯೋಚಿಸಿದರೆ ತಾನೆ?

ಯೋಚನೆ ಕಷ್ಟದ ಕೆಲಸವೇನಲ್ಲ. ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ಯಾವಾಗ?

ಬಿಸಿಯಾದಾಗ ಮಾತ್ರವೋ? ಹಾಗಾದರೆ ಕ್ರ್ಯಾಂಕ್ ಸೆನ್ಸರ್, ಕಾಯಿಲ್, ಫ್ಯೂಯೆಲ್ ಪಂಪ್ ಮೇಲೆ ಗುಮಾನಿ. ಈ ಮೂರೂ ಬಿಸಿಯಲ್ಲಿ ಕೈಕೊಟ್ಟು, ತಣ್ಣಗಾದ ಮೇಲೆ ಸುಧಾರಿಸಿಕೊಳ್ಳುತ್ತವೆ. ಏರಿನಲ್ಲಿ, ಭಾರ ಬಿದ್ದಾಗ ಮಾತ್ರವೋ? ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ. ಮೊದಲನೆಯದಕ್ಕೆ ಫ್ಯೂಯೆಲ್ ಲೈನಿಗೆ ಪ್ರೆಷರ್ ಗೇಜ್ ಹಾಕಿ ಸೇತುವೆ ಹತ್ತಿಸಬೇಕು. ಎರಡನೆಯದಕ್ಕೆ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಗೇಜ್ ಹಾಕಬೇಕು. ಸ್ವಲ್ಪ ದೂರ ಓಡಿದ ಮೇಲೆ ಎಳೆತ ಕಡಿಮೆಯಾಗುತ್ತದೋ? ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಬುಸ್ ಎಂದು ಗಾಳಿ ಒಳಗೆಳೆದುಕೊಂಡು ಕಾರು ಸರಿಹೋದರೆ ಟ್ಯಾಂಕಿಗೆ ಉಸಿರಾಟದ ದಾರಿ ಮುಚ್ಚಿದೆ. ಈ ಪರೀಕ್ಷೆಗೆ ಖರ್ಚು ಸೊನ್ನೆ. ಅದಕ್ಕೇ ಯಾರೂ ಮಾಡುವುದಿಲ್ಲ.

ಗುಂಡಿಗೆ ಇಳಿದಾಗ, ಜರ್ಕ್ ಹೊಡೆದಾಗ ಹೋಗುತ್ತದೋ? ವೈರಿಂಗ್. ಇಂಜಿನ್ ಓಡುತ್ತಿರುವಾಗ ಒಂದೊಂದೇ ಕನೆಕ್ಟರ್ ಅಲ್ಲಾಡಿಸಬೇಕು. ಅರ್ತಿಂಗ್ ತಂತಿಯಲ್ಲಿ ವೋಲ್ಟೇಜ್ ಎಷ್ಟು ಸೋರುತ್ತಿದೆ ಎಂದು ಲೋಡ್ ಇರುವಾಗ ಅಳೆಯಬೇಕು. ಮಲ್ಟಿಮೀಟರ್ ಸಾಕು. ಆದರೆ ಮಲ್ಟಿಮೀಟರಿಗೆ ಬಿಲ್ ಹಾಕಲು ಬರುವುದಿಲ್ಲವಲ್ಲ.

ಈ ವಿಷಯದಲ್ಲಿ ಅಡ್ಯಾರಿನ ಕಾರುಗಳಿಗೆ ವಿಶೇಷ ಮೀಸಲಾತಿ ಇದೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಮನೆಗಳಿಗೇ ನುಗ್ಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. ನೀರು ಕುಡಿದ ಕಾರಿಗೆ ಸೀಟು ಒಣಗಿಸಿ, ಸೆಂಟು ಹೊಡೆದು, ಗಾಡಿ ಫಸ್ಟ್ ಕ್ಲಾಸ್ ಎಂದು ಮಾರುವವರಿಗೆ ಬರವಿಲ್ಲ. ಕನೆಕ್ಟರ್ ಒಳಗೆ ಹಸಿರು ಕಿಲುಬು ಕೂರುವುದು ನಿಧಾನವಾಗಿ. ಅದರ ಮೇಲೆ ಬೆಸೆಂಟ್ ನಗರದ ಉಪ್ಪುಗಾಳಿ. ಅದರ ಮೇಲೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಲಿ. ಇಷ್ಟೆಲ್ಲ ಇರುವಾಗ ವೈರಿಂಗ್ ನೋಡಿ ಅಂದರೆ, ಬಾಡಿ ಬಿಚ್ಚಬೇಕು ಸಾರ್, ಟೈಮಾಗುತ್ತೆ ಅನ್ನುತ್ತಾರೆ. ಸೆನ್ಸರ್ ಬದಲಿಸಲು ಮಾತ್ರ ಟೈಮ್ ಆಗುವುದೇ ಇಲ್ಲ.

ಬದಲಿಸಲು ಏನೂ ಉಳಿಯದಿದ್ದಾಗ ಅಪರಾಧಿ ರೆಡಿ ಇದ್ದಾನೆ. ಪೆಟ್ರೋಲ್.

2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. 2030ಕ್ಕೆ ಇಟ್ಟಿದ್ದ ಗುರಿಯನ್ನು 2025ಕ್ಕೆ ಎಳೆದು, ಮುಟ್ಟಿಯೂ ಆಯಿತು. ಹಳೇ ಕಾರುಗಳ ಮೈಲೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ದೂರುಗಳು ಶುರುವಾದಾಗ ಪೆಟ್ರೋಲಿಯಂ ಸಚಿವಾಲಯ ಇಳಿಕೆ ಅತ್ಯಲ್ಪ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇ20 ವಿರುದ್ಧದ ಅರ್ಜಿ ವಜಾ ಮಾಡಿತು. ಈಗ ಸರ್ವಿಸ್ ಸೆಂಟರ್ ಬಂಕಿನ ಕಡೆ ಬೆರಳು ತೋರಿಸುತ್ತದೆ. ಬಂಕಿನವರು ಕಾರಿನ ಕಡೆ ತೋರಿಸುತ್ತಾರೆ. ಸರ್ಕಾರ ಯಾವ ಕಡೆಗೂ ತೋರಿಸುವುದಿಲ್ಲ. ತೊಂದರೆಯೇ ಇಲ್ಲದ ಮೇಲೆ ಬೆರಳೇಕೆ?

ಆದರೆ ಮಾತೊಂದಿದೆ. ಎಥನಾಲಿನಲ್ಲಿ ಶಕ್ತಿ ಕಡಿಮೆ, ನಿಜ. ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಆ ಕೊರತೆ ಬೆಳಗ್ಗೆಯೂ ಇರುತ್ತದೆ, ಸಂಜೆಯೂ ಇರುತ್ತದೆ. ಟ್ಯಾಂಕಿನಲ್ಲಿರುವುದು ಅದೇ ಪೆಟ್ರೋಲ್. ಕಸ್ತೂರ್ಬಾ ನಗರದ ಸಮತಟ್ಟು ರಸ್ತೆಯಲ್ಲಿ ಎಳೆದು ಸೇತುವೆಯ ಮೇಲೆ ಎಳೆಯದಿದ್ದರೆ ಎಥನಾಲನ್ನು ಬೈದು ಫಲವಿಲ್ಲ. ಹಳೇ ಟ್ಯಾಂಕಿನ ಕೊಳೆಯನ್ನು ಅದು ಕೆದಕಿ ಫಿಲ್ಟರಿಗೆ ತಂದು ಕಟ್ಟಿಸಿರಬಹುದು. ಹಾಗಿದ್ದರೆ ಫಿಲ್ಟರ್ ತೆಗೆದು ತೋರಿಸಿ. ತೋರಿಸುವುದಿಲ್ಲ. ಬೈಯುತ್ತಾರೆ. ಬೈಯುವುದು ಸುಲಭ, ಬಿಚ್ಚುವುದು ಕಷ್ಟ.

ಡೀಸೆಲ್ ಕಾರಿನವರು ನಗಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಬಂತು. ಆ ಮಸಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಹೈವೇಯಲ್ಲಿ ಒಂದೇ ಸಮ ಓಡಬೇಕು. ಮಗುವನ್ನು ಶಾಲೆಗೆ ಬಿಟ್ಟು ಬರುವ ದೂರಕ್ಕೆ ಆ ಕಾವು ಬರುವುದಿಲ್ಲ. ಜಾಲರಿ ತುಂಬುತ್ತದೆ, ಕಂಪ್ಯೂಟರ್ ಪಿಕಪ್ ಕತ್ತರಿಸುತ್ತದೆ. ಮಾರುವಾಗ ಶೋರೂಮಿನವರು ಸನ್‌ರೂಫ್ ತೋರಿಸಿದ್ದರು. ಇದನ್ನು ಹೇಳಿರಲಿಲ್ಲ.

ಇನ್ನು ‘ನಿಮಗೆ ಹಾಗನ್ನಿಸುತ್ತೆ ಸಾರ್’ ಎಂಬ ಕೊನೆಯ ಅಸ್ತ್ರ. ಕಾಯಿಲೆ ಕಾರಿಗಲ್ಲ, ಓಡಿಸುವವರಿಗೆ. ಮನೆಯಾಕೆ ಓಡಿಸುವ ಕಾರಾದರೆ ಈ ಅಸ್ತ್ರ ಮೊದಲೇ ಹೊರಬರುತ್ತದೆ. ಮೇಡಂಗೆ ಕ್ಲಚ್ ಬಿಡಲು ಬರುವುದಿಲ್ಲವಂತೆ. ಈ ನಾಡಿನಲ್ಲಿ ಭ್ರಮೆಗಳ ಲೆಕ್ಕ ಎಷ್ಟಿದೆ ನೋಡಿ. 2020ರ ಜುಲೈನಲ್ಲಿ ಮಾರುತಿ ಸುಜುಕಿ ಫ್ಯೂಯೆಲ್ ಪಂಪ್ ಪರೀಕ್ಷೆಗೆಂದು ವಾಪಸ್ ಕರೆದ ವ್ಯಾಗನ್ಆರ್ ಮತ್ತು ಬಲೆನೊಗಳು 1,34,885. ಅದೇ ಫ್ಯೂಯೆಲ್ ಪಂಪಿಗಾಗಿ 2021ರ ಏಪ್ರಿಲ್‌ನಲ್ಲಿ ಹೋಂಡಾ ಕರೆದದ್ದು 77,954 ಕಾರು. 2024ರಲ್ಲಿ ಮತ್ತೆ ಹೋಂಡಾ, 90,468. ಪಂಪಿನೊಳಗಿನ ಇಂಪೆಲರ್ ಚಕ್ರ ಕೆಟ್ಟರೆ ಇಂಜಿನ್ ನಿಂತೇ ಹೋಗಬಹುದು ಎಂದು ಕಂಪನಿಯೇ ಒಪ್ಪಿಕೊಂಡಿತು. ಒಬ್ಬ ಹೇಳಿದರೆ ಭ್ರಮೆ. ಲಕ್ಷ ಕಾರಿಗಾದರೆ ರೀಕಾಲ್. ನೀವು ಒಬ್ಬರೇ ಇರುವುದೇ ನಿಮ್ಮ ಕಾರಿನ ದೋಷ.

ನಮ್ಮ ಮಾಲೀಕರೂ ಕಡಿಮೆಯಿಲ್ಲ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ರಿಸರ್ವ್ ದೀಪ ಉರಿಯುತ್ತಿದ್ದರೂ ಐನೂರು ರೂಪಾಯಿಗೆ ಹಾಕಿಸಿಕೊಂಡು ಓಡಿಸುತ್ತಾರೆ. ಜನರಲ್ ಪ್ಯಾಟರ್ಸ್ ರಸ್ತೆಗೆ ಹೋಗಿ ಬಣ್ಣದ ಲೈಟು, ಭರ್ಜರಿ ಹಾರ್ನು ಹಾಕಿಸಿ ಕಂಪನಿಯ ವೈರಿಂಗನ್ನು ಬ್ಲೇಡಿನಲ್ಲಿ ಕೆರೆಸುತ್ತಾರೆ. ಆಮೇಲೆ ಕಂಪನಿಗೆ ಶಾಪ.

ಮೊದಲೂ ಪಿಕಪ್ ಹೋಗುತ್ತಿತ್ತು. 1985ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ‘ಸ್ಟ್ಯಾಂಡರ್ಡ್ 2000’ ಕಾರು ತಂದಿತು. ರೋವರ್‌ನ ಚೆಂದದ ಮೈ, ವ್ಯಾನ್‌ಗಾರ್ಡ್ ಕಾಲದ ಮುದಿ ಇಂಜಿನ್. ಅದಕ್ಕೆ ಪಿಕಪ್ ಆಗಾಗ ಹೋಗುವ ಕಾಯಿಲೆ ಇರಲಿಲ್ಲ. ಇದ್ದರೆ ತಾನೆ ಹೋಗುವುದು? ಅಂಬಾಸಿಡರ್ ಬಿಸಿಲಿಗೆ ನಿಂತರೆ ಡ್ರೈವರ್ ಇಳಿದು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಕಾವಿಗೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಸಿಕ್ಕಿಕೊಂಡಿದೆ ಎಂದು ಅವನಿಗೆ ಗೊತ್ತಿತ್ತು. ಅವನ ಬಳಿ ಟ್ಯಾಬ್ ಇರಲಿಲ್ಲ. ಯಾವಾಗ ನಿಲ್ಲುತ್ತದೆ ಎಂದು ಗಮನಿಸುವ ಕಣ್ಣಿತ್ತು.

ಬೆಂಗಳೂರಿನವರು ಇದು ಮದ್ರಾಸಿನ ಗೋಳು ಎಂದು ಪೇಪರ್ ಮಡಚಬೇಡಿ. ಜೆ.ಸಿ. ರಸ್ತೆಯಲ್ಲಿ ಭಾಷೆ ಮಾತ್ರ ಬೇರೆ.

ಹಾಗಾಗಿ ಜಾಬ್ ಕಾರ್ಡಿನಲ್ಲಿ ‘ಪಿಕಪ್ ಇಲ್ಲ’ ಎಂದು ಅವನು ಬರೆದದ್ದಕ್ಕೆ ಸಹಿ ಹಾಕಬೇಡಿ. ಯಾವ ಹೊತ್ತು, ಏಸಿ ಇತ್ತೇ, ಟ್ಯಾಂಕಿನಲ್ಲಿ ಎಷ್ಟಿತ್ತು, ಏರಿತ್ತೇ, ನೀವೇ ಬರೆಸಿ. ರೀಸೆಟ್ ಮಾಡುವ ಮುನ್ನ ಫ್ರೀಜ್ ಫ್ರೇಮ್ ಪ್ರಿಂಟ್ ಕೇಳಿ. ಟೆಸ್ಟ್ ಡ್ರೈವಿಗೆ ನೀವೂ ಕೂತು ಸಂಜೆಯೇ ಸೇತುವೆ ಹತ್ತಿಸಿ. ಬದಲಿಸಿದ ಹಳೇ ಪಾರ್ಟನ್ನು ವಾಪಸ್ ಕೇಳಿ. ದೋಷವೇ ಇಲ್ಲ ಅಂದರೆ ಅದನ್ನೂ ಬರೆದು ಸೀಲ್ ಹಾಕಿಕೊಡಲು ಹೇಳಿ. ಧ್ವನಿ ತಕ್ಷಣ ತಗ್ಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಅಲ್ಲಿ ಆ ಕಾಗದಗಳೇ ಮಾತಾಡುವುದು.

ಯಾವ ಅಳತೆ ನೋಡಿ ಈ ಪಾರ್ಟ್ ಬದಲಿಸಿದಿರಿ ಎಂದು ಕೇಳಿ. ಉತ್ತರ ಬರುವವರೆಗೆ ಪರ್ಸ್ ತೆಗೆಯಬೇಡಿ.